ಕೊರಿಯಾದ ಚುಸೊಕ್, ನಮ್ಮ ಭೂಮಿ ಹುಣ್ಣಿಮೆ: ಹಬ್ಬದ ಅಡುಗೆ ಯಾರ ಪಾಲಿಗೆ?

ಮಾನ್ಯ ಸಂಪಾದಕರೇ,

ಮಲೆನಾಡಿನವರು ಭತ್ತದ ಗದ್ದೆಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆ ಮುಗಿದ ವಾರ ನಿಮ್ಮ ಓದುಗರ ಅಂಕಣದಲ್ಲಿ ಮಲೆನಾಡಿನ ಹಿರಿಯರೊಬ್ಬರ ಪತ್ರ ಬಂದಿತ್ತು. ರಾತ್ರಿಯಿಡೀ ಎಚ್ಚರವಿದ್ದು ಅಡುಗೆ ಮಾಡುವ ಮನೆಗಳು ಕಡಿಮೆಯಾಗುತ್ತಿವೆ, ಪೂಜೆಗೆ ಗದ್ದೆಗೆ ಹೊತ್ತು ಹೋಗುವ ಬೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವ ಕೈಗಳೇ ಸಿಗುತ್ತಿಲ್ಲ, ಈಗಿನ ಸೊಸೆಯಂದಿರಿಗೆ ಹಬ್ಬ ಬೇಡವಾಗಿದೆ ಎಂದು ಅವರು ನೊಂದು ಬರೆದಿದ್ದರು. ಅವರ ನೋವು ನನಗೆ ಅರ್ಥವಾಗುತ್ತದೆ. ನಾನು ಸೊರಬ ತಾಲ್ಲೂಕಿನವಳು. ನಮ್ಮ ಮನೆಯಲ್ಲಿ ದೀಪಾವಳಿಗಿಂತ ಭೂಮಿ ಹುಣ್ಣಿಮೆಯದೇ ಸಡಗರ ಜಾಸ್ತಿ. ಆದರೆ ತಪ್ಪನ್ನು ಸೊಸೆಯಂದಿರ ಮೇಲೆ ಹೊರಿಸುವುದನ್ನು ಒಪ್ಪಲಾರೆ. ಯಾಕೆ ಅಂತ ಹೇಳಬೇಕಾದರೆ ಬೇರೊಂದು ದೇಶದ ಹಬ್ಬದ ಕಥೆ ಹೇಳಬೇಕು. ದಯವಿಟ್ಟು ಜಾಗ ಕೊಡಿ.

ನಾನು 2019ರಿಂದ ದಕ್ಷಿಣ ಕೊರಿಯಾದ ಸುವೊನ್ ನಗರದಲ್ಲಿದ್ದೇನೆ. ಪ್ರಯೋಗಾಲಯವೊಂದರಲ್ಲಿ ಕೆಲಸ. ಈ ದೇಶಕ್ಕೆ ಎರಡು ದೊಡ್ಡ ಹಬ್ಬಗಳು. ಒಂದು ಸೊಲ್ಲಾಲ್, ಅಂದರೆ ಚಾಂದ್ರಮಾನದ ಹೊಸವರ್ಷ. ಇನ್ನೊಂದು ಚುಸೊಕ್. ಅವರ ಪಂಚಾಂಗದ ಎಂಟನೇ ತಿಂಗಳ ಹುಣ್ಣಿಮೆಗೆ ಚುಸೊಕ್ ಬರುತ್ತದೆ. ಹೊಸ ಅಕ್ಕಿ, ಹೊಸ ಹಣ್ಣು ಮನೆಗೆ ಬರುವ ಕಾಲ ಅದು. ಮೊದಲ ಪಾಲು ತೀರಿಕೊಂಡ ಹಿರಿಯರಿಗೆ. ಹಿಂದಿನ ದಿನ, ಹಬ್ಬದ ದಿನ, ಮರುದಿನ, ಹೀಗೆ ಮೂರು ದಿನ ದೇಶಕ್ಕೆಲ್ಲ ರಜೆ.

ಸಾಮಾನ್ಯವಾಗಿ ಅವರ ಚುಸೊಕ್ ನಮ್ಮ ಭಾದ್ರಪದದ ಹುಣ್ಣಿಮೆಗೆ ಬೀಳುತ್ತದೆ. ಮಾರನೆಯ ದಿನದಿಂದ ನಮ್ಮಲ್ಲಿ ಪಿತೃಪಕ್ಷ. ಅಲ್ಲೂ ಇಲ್ಲೂ ಹಿರಿಯರ ನೆನಪಿನ ಹೊತ್ತು ಒಂದೇ. ಆದರೆ 2025ರಲ್ಲಿ ಅವರ ಪಂಚಾಂಗಕ್ಕೆ ಒಂದು ಅಧಿಕ ಮಾಸ ಸೇರಿಕೊಂಡಿತು. ಹಾಗಾಗಿ ಚುಸೊಕ್ ಅಕ್ಟೋಬರ್ 6ಕ್ಕೆ ಹೋಯಿತು. ಅದು ನಮ್ಮ ಆಶ್ವಯುಜದ ಹುಣ್ಣಿಮೆ, ಬಯಲುಸೀಮೆಯವರ ಶೀಗಿ ಹುಣ್ಣಿಮೆ, ನಮ್ಮ ಭೂಮಿ ಹುಣ್ಣಿಮೆ. ನೇಪಾಳದವರ ದಶೈನ್ ಹಬ್ಬ ಮುಗಿಯುವುದೂ ಅದೇ ಹುಣ್ಣಿಮೆಗೆ. ನಮ್ಮ ಬೀದಿಯಲ್ಲಿ ನೇಪಾಳಿ ಹುಡುಗರು ಹಣೆ ತುಂಬ ಅಕ್ಕಿಯ ಟೀಕಾ ಹಚ್ಚಿಕೊಂಡು ಓಡಾಡುತ್ತಿದ್ದರು. ಒಂದೇ ಚಂದ್ರನ ಕೆಳಗೆ ಇಷ್ಟು ಜನರ ಹಬ್ಬ ಕೂಡಿಬಂದದ್ದು ಕಂಡು ನನಗೆ ತುಂಬ ಸಂತೋಷವಾಯಿತು.

ಪರದೇಶದವರಿಗೆ ಈ ಹಬ್ಬ ಮೊದಮೊದಲು ಕಷ್ಟ. ನಾನು ಬಂದ ವರ್ಷ ಚುಸೊಕ್ ಸೆಪ್ಟೆಂಬರ್ 13ಕ್ಕೆ ಇತ್ತು. ಕೆಲಸದ ಕಡೆಯಿಂದ ಎಲ್ಲರಿಗೂ ಉಡುಗೊರೆ ಪೆಟ್ಟಿಗೆ ಕೊಟ್ಟರು. ಇಲ್ಲಿ ಹಬ್ಬ ಬಂತೆಂದರೆ ಅಂಗಡಿಗಳಲ್ಲಿ ಇಂಥ ಪೆಟ್ಟಿಗೆಗಳ ಗೋಪುರವೇ ಎದ್ದಿರುತ್ತದೆ. ಅಡುಗೆ ಎಣ್ಣೆ, ಟ್ಯೂನಾ ಮೀನಿನ ಡಬ್ಬಿ, ಹಂದಿಮಾಂಸದ ಡಬ್ಬಿ, ಸೋಪು, ಶಾಂಪೂ, ಇಲ್ಲವೇ ಒಂದೊಂದನ್ನೂ ಬಲೆಯಲ್ಲಿ ಸುತ್ತಿಟ್ಟ ದಪ್ಪ ದಪ್ಪ ಪಿಯರ್ ಹಣ್ಣು. ಪೆಟ್ಟಿಗೆ ಹಿಡಿದುಕೊಂಡು ಎಲ್ಲರೂ ಊರಿಗೆ ಹೊರಟುಹೋದರು. ರೈಲಿನ ಟಿಕೆಟ್ ಯಾವತ್ತೋ ಖಾಲಿ. ಬೀದಿ ಬಣಗುಟ್ಟುತ್ತಿತ್ತು. ದಿನಾ ಊಟ ಮಾಡುತ್ತಿದ್ದ ಹೋಟೆಲಿನ ಬಾಗಿಲಿಗೆ ಚೀಟಿ. ರಾಜಧಾನಿ ಸೋಲ್‌ನ ಅರಮನೆಗಳಿಗೆ ಹಬ್ಬದಲ್ಲಿ ಪುಕ್ಕಟೆ ಪ್ರವೇಶ ಅಂತ ತಿಳಿದು ಗ್ಯೊಂಗ್‌ಬೊಕ್‌ಗುಂಗ್ ನೋಡಲು ಹೋದೆ. ಅಲ್ಲಿ ಸೇರಿದವರಲ್ಲಿ ನನ್ನಂಥ ಪರದೇಶಿಗಳು ಬಹಳ ಮಂದಿ. ಬಾಡಿಗೆಗೆ ಕೊರಿಯಾದ ಸಾಂಪ್ರದಾಯಿಕ ಉಡುಪು ಹಾನ್‌ಬೊಕ್ ತೊಟ್ಟು ಫೋಟೊ ತೆಗೆಸಿಕೊಂಡೆವು. ಚೆನ್ನಾಗಿಯೇ ಇತ್ತು. ಆದರೂ ಹಬ್ಬ ಮನೆಯೊಳಗೆ ನಡೆಯುವುದು, ಅಲ್ವಾ? ಆಮೇಲಿನ ಎರಡು ವರ್ಷ ಕೊರೊನಾ. ಊರಿಗೆ ಹೋಗಬೇಡಿ ಎಂದು ಸರ್ಕಾರವೇ ಕೇಳಿಕೊಂಡಿತ್ತು. ಕೊರಿಯಾದವರಿಗೂ ಹಬ್ಬ ಒಂಟಿಯಾಗಿಯೇ ಕಳೆಯಿತು.

2022ರಲ್ಲಿ ನನ್ನ ಜೊತೆ ಕೆಲಸ ಮಾಡುವ ಗೆಳತಿಯೊಬ್ಬಳು ಗಂಡನ ಊರಿಗೆ ಕರೆದಳು. ಅವಳು ಆ ಮನೆಯ ಹಿರಿ ಸೊಸೆ. ಕೊರಿಯಾದಲ್ಲಿ ಈ ಸ್ಥಾನಕ್ಕೆ ಬೇರೆ ಹೆಸರೇ ಇದೆ, ಮಾನ್‌ಮ್ಯೊನುರಿ ಅಂತ. ಹಿರಿಯರ ಪೂಜೆಯ ಹೊಣೆಯೆಲ್ಲ ಅವಳದ್ದೇ. ಊರು ಯೊಂಗ್‌ಗ್ವಾಂಗ್, ನೈಋತ್ಯದ ಕರಾವಳಿಯಲ್ಲಿದೆ. ಪಶ್ಚಿಮ ಕರಾವಳಿಯ ಹೆದ್ದಾರಿ ಹಿಡಿದು ಹೋದೆವು. ಹಬ್ಬದ ದಿನಗಳಲ್ಲಿ ಹೆದ್ದಾರಿಯ ಟೋಲ್ ಮನ್ನಾ. ಕಾರುಗಳು ಮಾತ್ರ ಆಮೆಯಂತೆ ತೆವಳುತ್ತಿದ್ದವು. ಕಿಟಕಿಯಾಚೆ ಹಳದಿಗೆ ತಿರುಗುತ್ತಿದ್ದ ಗದ್ದೆಗಳು. ನನಗೆ ನಮ್ಮೂರೇ ಕಂಡಹಾಗಾಯಿತು.

ಯೊಂಗ್‌ಗ್ವಾಂಗ್ ಎರಡು ವಸ್ತುಗಳಿಗೆ ಹೆಸರುವಾಸಿ. ಒಂದು ಗುಲ್ಬಿ, ಅಂದರೆ ಉಪ್ಪು ಹಾಕಿ ಒಣಗಿಸಿದ ಒಂದು ಬಗೆಯ ಮೀನು. ಹಿರಿಯರ ಎಡೆಗೆ ಇದು ಶ್ರೇಷ್ಠ ಅಂತ ದೇಶವೆಲ್ಲ ತರಿಸಿಕೊಳ್ಳುತ್ತದೆ. ಇನ್ನೊಂದು ಮೋಸಿ ಎಂಬ ನಾರಿನ ಗಿಡದ ಎಲೆಯ ಸೊಂಗ್‌ಪ್ಯೊನ್. ಸೊಂಗ್‌ಪ್ಯೊನ್ ಚುಸೊಕ್‌ನ ಕಡುಬು. ಅಕ್ಕಿಹಿಟ್ಟನ್ನು ಬಿಸಿನೀರಲ್ಲಿ ನಾದಿ, ಒಳಗೆ ಎಳ್ಳು ಸಕ್ಕರೆಯನ್ನೋ ಬೇಳೆಯನ್ನೋ ತುಂಬಿ, ಅರ್ಧಚಂದ್ರದ ಹಾಗೆ ಮಡಚಿ, ಪೈನ್ ಮರದ ಸೂಜಿ ಎಲೆಗಳ ಮೇಲಿಟ್ಟು ಹಬೆಯಲ್ಲಿ ಬೇಯಿಸುತ್ತಾರೆ. ಯೊಂಗ್‌ಗ್ವಾಂಗ್‌ನವರು ಹಿಟ್ಟಿಗೆ ಮೋಸಿ ಎಲೆ ಅರೆದು ಸೇರಿಸುತ್ತಾರೆ. ಕಡುಬು ಕಡುಹಸಿರಾಗುತ್ತದೆ. ಒಳಗೆ ಹಾಕುವುದು ನಮ್ಮ ಅಲಸಂದೆ ಕಾಳು! ನಾನು ಕೈಗೆ ಎಣ್ಣೆ ಸವರಿಕೊಂಡು ಕೂತು ಒಂದು ತಟ್ಟೆ ತುಂಬ ಮಾಡಿಕೊಟ್ಟೆ. ಚೆಂದದ ಸೊಂಗ್‌ಪ್ಯೊನ್ ಮಾಡಿದವಳಿಗೆ ಚೆಂದದ ಮಗಳು ಹುಟ್ಟುತ್ತಾಳೆ ಎಂದು ಅಜ್ಜಿ ಹೇಳಿದರು. ಅಜ್ಜಿ ಅಂದರೆ ಗೆಳತಿಯ ಅತ್ತೆ. ಭಾರತದವಳು ಎಂದು ತಿಳಿದ ತಕ್ಷಣ ಪಕ್ಕದ ಬೊಪ್ಸೊಂಗ್‌ಪೊ ಬಂದರಿನ ಕಥೆ ತೆಗೆದರು. ಕ್ರಿ.ಶ. 384ರಲ್ಲಿ ಅಂದಿನ ಬೆಕ್ಜೆ ರಾಜ್ಯಕ್ಕೆ ಬೌದ್ಧಧರ್ಮ ತಂದ ಮಾರನಾಂತ ಎಂಬ ಭಿಕ್ಷು ಬಂದಿಳಿದದ್ದು ಅಲ್ಲೇ, ಅವರು ನಿಮ್ಮ ಕಡೆಯವರೇ ಎಂಬುದು ಅಲ್ಲಿನವರ ನಂಬಿಕೆ. "ನಿಮ್ಮೂರಿನವರು ಈ ಮನೆಗೆ ಬರುವುದು ತಡವಾಯಿತು" ಎಂದು ನನ್ನ ಕೈ ಹಿಡಿದುಕೊಂಡರು. ಆ ಮಾತಿನಿಂದ ನನಗಾದ ಸಮಾಧಾನ ದೊಡ್ಡದು.

ಈಗ ಅಡುಗೆಯ ವಿಷಯಕ್ಕೆ ಬರುತ್ತೇನೆ. ಹಬ್ಬದ ಹಿಂದಿನ ದಿನ ಹಾಲ್‌ನಲ್ಲಿ ನೆಲಕ್ಕೆ ಪೇಪರ್ ಹಾಸಿ, ಮೇಲೆ ದೊಡ್ಡ ಕರೆಂಟಿನ ಕಾವಲಿ ಇಟ್ಟರು. ಜೊನ್ ಮಾಡುವುದಕ್ಕೆ. ಮೀನಿನ ತುಂಡು, ಎಳೆ ಕುಂಬಳದ ಬಿಲ್ಲೆ, ಕಡ್ಡಿಗೆ ಪೋಣಿಸಿದ ತರಕಾರಿ ಮತ್ತು ಮಾಂಸ, ಕೈಮಾದ ಉಂಡೆ, ಎಲ್ಲವನ್ನೂ ಹಿಟ್ಟಿನಲ್ಲಿ ಹೊರಳಿಸಿ ಮೊಟ್ಟೆಯಲ್ಲಿ ಅದ್ದಿ ಎಣ್ಣೆಯಲ್ಲಿ ಬೇಯಿಸಬೇಕು. ಒಂದೊಂದನ್ನೂ ತಿರುಗಿಸಿ ಹಾಕಬೇಕು. ಅಜ್ಜಿ, ಇಬ್ಬರು ಸೊಸೆಯಂದಿರು, ಮತ್ತು ನಾನು. ನನಗೆ ಮೊಟ್ಟೆಯಲ್ಲಿ ಅದ್ದುವ ಕೆಲಸ. ಮಧ್ಯಾಹ್ನವಾಯಿತು, ಸಂಜೆಯಾಯಿತು, ರಾಶಿ ಕರಗಲಿಲ್ಲ. ಗಂಡಸರು ಪಕ್ಕದ ಕೋಣೆಯಲ್ಲಿ ಟಿವಿ ನೋಡುತ್ತಿದ್ದರು. ಗೆಳತಿ ಆಗಾಗ ಎದ್ದು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದಳು. ಪ್ರಯೋಗಾಲಯದಲ್ಲಿ ನಮ್ಮನ್ನೆಲ್ಲ ನಡೆಸುವ ಹೆಂಗಸು ಅವಳು. ಈ ಹಬ್ಬಗಳ ನಂತರ ಹೆಂಗಸರಿಗೆ ಬರುವ ಬೆನ್ನುನೋವು, ತಲೆನೋವು, ಸಿಟ್ಟು, ಬೇಸರ ಇವಕ್ಕೆಲ್ಲ ಸೇರಿಸಿ ಕೊರಿಯಾದ ಪತ್ರಿಕೆಗಳು ಒಂದು ಕಾಯಿಲೆಯ ಹೆಸರನ್ನೇ ಇಟ್ಟಿವೆ. ವರ್ಷವರ್ಷ ಬರೆಯುತ್ತವೆ.

ಮರುದಿನ ಬೆಳಿಗ್ಗೆ ಚಾರ್ಯೆ, ಅಂದರೆ ಹಿರಿಯರಿಗೆ ಎಡೆ ಇಡುವ ಪೂಜೆ. ಕೆಂಪು ಹಣ್ಣು ಪೂರ್ವಕ್ಕೆ, ಬಿಳಿ ಹಣ್ಣು ಪಶ್ಚಿಮಕ್ಕೆ. ಮೀನು ಪೂರ್ವಕ್ಕೆ, ಮಾಂಸ ಪಶ್ಚಿಮಕ್ಕೆ. ಕಾಗದದಲ್ಲಿ ಬರೆದ ಹಿರಿಯರ ಹೆಸರು ಮುಂದೆ. ಗಂಡಸರು ಮದ್ಯ ಅರ್ಪಿಸಿ, ಮಂಡಿಯೂರಿ, ಎರಡು ಸಲ ನೆಲಕ್ಕೆ ತಲೆ ತಾಗಿಸಿ ನಮಸ್ಕಾರ ಮಾಡಿದರು. ನನ್ನನ್ನು ಅತಿಥಿ ಅಂತ ಕರೆದು ಚೆನ್ನಾಗಿ ಕಾಣುವ ಕಡೆ ನಿಲ್ಲಿಸಿದರು. ಅಷ್ಟೆಲ್ಲ ಅಡುಗೆ ಮಾಡಿದ ನನ್ನ ಗೆಳತಿ ಅಲ್ಲಿ ಇರಲಿಲ್ಲ. ಒಳಗೆ ಸಾರು ಬಿಸಿ ಮಾಡುತ್ತಿದ್ದಳು. ಹೊರಗಿನಿಂದ ಬಂದವಳಿಗೆ ಸಿಕ್ಕ ಜಾಗ ಆ ಮನೆಯ ಸೊಸೆಗೆ ಸಿಗಲಿಲ್ಲ. ಇದು ನನಗೆ ತುಂಬ ಚುಚ್ಚಿತು.

ಅದೇ ಸಲ ಇನ್ನೊಂದು ಸಂಗತಿಯೂ ನಡೆಯಿತು. ಜೊನ್ ಬೇಯಿಸುವಾಗ ಟಿವಿಯಲ್ಲಿ ಸುಂಗ್‌ಕ್ಯುನ್‌ಗ್ವಾನ್ ಸುದ್ದಿ ಬರುತ್ತಿತ್ತು. ಇದು ಸೋಲ್‌ನಲ್ಲಿ 1398ರಲ್ಲಿ ಶುರುವಾದ ಕನ್‌ಫ್ಯೂಷಿಯಸ್ ವಿದ್ಯಾಪೀಠ. ಆಚಾರ ವಿಚಾರದಲ್ಲಿ ಅದರ ಮಾತೇ ಕೊನೆ ಎಂದು ಹಿರಿಯರು ತಿಳಿಯುತ್ತಾರೆ. ಆ ವರ್ಷದ ಹಬ್ಬಕ್ಕೆ ಕೆಲವೇ ದಿನ ಮುಂಚೆ, 2022ರ ಸೆಪ್ಟೆಂಬರ್ 5ರಂದು, ಅವರ ಸಮಿತಿ ಒಂದು ಮಾದರಿ ಎಡೆಯನ್ನು ಪ್ರಕಟಿಸಿತು. ಸೊಂಗ್‌ಪ್ಯೊನ್, ಪಲ್ಯ, ಕಡ್ಡಿಗೆ ಚುಚ್ಚಿ ಸುಟ್ಟ ತಿನಿಸು, ಕಿಮ್ಚಿ, ಹಣ್ಣು, ಮದ್ಯ, ಇಷ್ಟಿದ್ದರೆ ಸಾಕು. ಬೇಕಿದ್ದರೆ ಇನ್ನೆರಡು ಮೂರು ಸೇರಿಸಿಕೊಳ್ಳಿ, ಒಟ್ಟು ಒಂಬತ್ತು ದಾಟುವುದು ಬೇಡ. ಎಣ್ಣೆಯಲ್ಲಿ ಬೇಯಿಸಿದ ಜೊನ್ ಇಡಲೇಬೇಕೆಂದಿಲ್ಲ. ಕರಿದದ್ದನ್ನು ಎಡೆಗೆ ಇಡುವುದು ಸರಿಯಲ್ಲ ಎಂದು ಹಳೆಯ ಪಂಡಿತರ ಗ್ರಂಥದಲ್ಲೇ ಇದೆ. ಕೆಂಪು ಹಣ್ಣು ಪೂರ್ವಕ್ಕೆ ಎಂಬ ನಿಯಮಕ್ಕೂ ಗ್ರಂಥದ ಆಧಾರವಿಲ್ಲ, ನಿಮಗೆ ಅನುಕೂಲವಾದಂತೆ ಇಡಿ. ಹೀಗೆಂದರು.

ಅಜ್ಜಿ ಕೈಯಲ್ಲಿದ್ದ ಸೌಟು ಕೆಳಗಿಟ್ಟರು. ಟಿವಿ ಕಡೆ ನೋಡಿ, "ಇದನ್ನು ನಾನು ಮದುವೆಯಾಗಿ ಬಂದಾಗ ಯಾಕೆ ಹೇಳಲಿಲ್ಲ?" ಎಂದರು. ಯಾರೂ ಮಾತಾಡಲಿಲ್ಲ. ಅವರು ಮತ್ತೆ ಸೌಟು ಎತ್ತಿಕೊಂಡರು. ಅಷ್ಟರಲ್ಲಿ ಹಿಟ್ಟು ಕಲಸಿ ಆಗಿತ್ತಲ್ಲ, ಬಿಡುವ ಹಾಗಿರಲಿಲ್ಲ.

ಆ ಮನೆಗೆ ಈಗ 2025ರಲ್ಲಿ ಮತ್ತೆ ಹೋಗಿದ್ದೆ. ಕಾವಲಿ ಕಾಣಲಿಲ್ಲ. ಕೇಳಿದರೆ ಮಂಚದ ಕೆಳಗೆ ಸೇರಿದೆ ಅಂದರು. ಮೊಮ್ಮಕ್ಕಳ ಆಸೆಗೆ ಸಂತೆಯಿಂದ ಒಂದು ಪೊಟ್ಟಣ ಜೊನ್ ತಂದಿದ್ದರು, ಅಷ್ಟೇ. ಎಡೆಗೆ ಗುಲ್ಬಿ, ಮೂರು ಬಗೆಯ ಪಲ್ಯ, ಪಿಯರ್, ಬೋರೆಯಂಥ ಕೆಂಪು ಹಣ್ಣು, ಸೊಂಗ್‌ಪ್ಯೊನ್. ಕೆಸುವಿನ ಗೆಡ್ಡೆಯ ಸಾರು. ಕೆಸು ಅಲ್ಲೂ ಈ ಹಬ್ಬಕ್ಕೆ ಬೇಕು, ನಮ್ಮ ಮಲೆನಾಡಿನವರಿಗೆ ಇದನ್ನು ಓದಿ ಖುಷಿಯಾಗಬಹುದು. ಸೊಂಗ್‌ಪ್ಯೊನ್ ಮಾಡಲು ಗಂಡಸರೂ ಕೂತಿದ್ದರು. ಗೆಳತಿಯ ಗಂಡ ಸಾರು ನೋಡಿಕೊಂಡ. ಬೆಳಿಗ್ಗೆ ಚಾರ್ಯೆಗೆ ಸೊಸೆಯಂದಿರು, ಹೆಣ್ಣುಮಕ್ಕಳು ಎಲ್ಲರೂ ಸಾಲಾಗಿ ನಿಂತು ನಮಸ್ಕಾರ ಮಾಡಿದರು. ನನ್ನನ್ನೂ ಸೇರಿಸಿಕೊಂಡರು. ಆಮೇಲೆ ಗುಡ್ಡದ ಮೇಲಿನ ಸಮಾಧಿಗಳಿಗೆ ಹೋದೆವು. ಹುಲ್ಲನ್ನು ಕೆಲ ವಾರ ಮುಂಚೆಯೇ ಅಣ್ಣತಮ್ಮಂದಿರು ಕತ್ತರಿಸಿ ಹೋಗಿದ್ದರು. ದುಂಡಗಿನ ಹಸಿರು ದಿಬ್ಬಗಳ ಮುಂದೆ ಎಡೆ ಇಟ್ಟು, ಅದೇ ಊಟವನ್ನು ಹಂಚಿಕೊಂಡು ತಿಂದೆವು. ಗೆಳತಿ ಮಧ್ಯಾಹ್ನವೇ ತನ್ನ ತವರಿಗೆ ಹೊರಟಳು. ಹಿಂದೆಲ್ಲ ಅವಳ ಅಮ್ಮ ರಜೆಯ ಕೊನೆಯ ದಿನದವರೆಗೆ ಮಗಳಿಗಾಗಿ ಕಾಯಬೇಕಿತ್ತಂತೆ.

ಹಬ್ಬ ಸಣ್ಣದಾಯಿತೇ? ನನಗೆ ಹಾಗೆ ಕಾಣಲಿಲ್ಲ. ಅಜ್ಜಿ ಹಿರಿಯರ ಕಥೆಗಳನ್ನು ಹೇಳುತ್ತ ಕೂತದ್ದನ್ನು ನಾನು ಈ ಸಲವೇ ಕಂಡದ್ದು. ಹಿಂದಿನ ಸಲ ಅವರಿಗೆ ಕೂರಲು ಹೊತ್ತೇ ಇರಲಿಲ್ಲ. ಯುದ್ಧದ ಕಾಲದಲ್ಲಿ ಅವರ ಮಾವ ಅಕ್ಕಿಯಿಲ್ಲದೆ ಬಾರ್ಲಿಯಲ್ಲೇ ಹಬ್ಬ ಮಾಡಿದ್ದನ್ನು ಅವರ ಮೊಮ್ಮಗಳು ಕಣ್ಣರಳಿಸಿ ಕೇಳುತ್ತಿದ್ದಳು.

ಎಲ್ಲ ಮನೆಗಳೂ ಹೀಗೆ ಬದಲಾಗಿವೆ ಎಂದು ನಾನು ಹೇಳುತ್ತಿಲ್ಲ. ಬೇರೆ ದೇಶಗಳಿಂದ ಮದುವೆಯಾಗಿ ಬಂದ ಸೊಸೆಯಂದಿರು ಹಳ್ಳಿಗಳಲ್ಲಿ ಬಹಳ ಮಂದಿ ಇದ್ದಾರೆ, ವಿಯೆಟ್ನಾಂ, ಫಿಲಿಪ್ಪೀನ್ಸ್ ಕಡೆಯವರು. ಅವರಿಗೆ ಸೊಂಗ್‌ಪ್ಯೊನ್ ಮಾಡುವುದನ್ನೂ ಎಡೆ ಇಡುವುದನ್ನೂ ಕಲಿಸುವ ತರಗತಿಗಳು ಈಗಲೂ ಹಬ್ಬಕ್ಕೆ ಮುಂಚೆ ನಡೆಯುತ್ತವೆ. ಅವರ ಗಂಡಂದಿರಿಗೂ ಅದೇ ತರಗತಿ ಇದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ದೇಶ ಒಂದು ದಿಕ್ಕಿಗೆ ನಡೆಯುತ್ತಿರುವುದು ನಿಜ. ಗಂಡಸೇ ಕುಟುಂಬದ ಯಜಮಾನ ಎಂಬ ಹಳೆಯ ಕಾನೂನನ್ನು 2008ರಲ್ಲಿ ತೆಗೆದುಹಾಕಿದರು. 2023ರ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಹಿರಿಯರ ಕಾರ್ಯ ನಡೆಸುವ ಹಕ್ಕಿನ ಬಗ್ಗೆ ಮಕ್ಕಳಲ್ಲಿ ಒಮ್ಮತ ಬರದಿದ್ದರೆ ಅದು ಹಿರಿಯ ಸಂತಾನಕ್ಕೆ ಸೇರುತ್ತದೆ, ಮಗ ಮಗಳು ಎಂಬ ಭೇದವಿಲ್ಲ ಎಂದು ತೀರ್ಪು ಕೊಟ್ಟಿತು. ಅಲ್ಲಿಯವರೆಗೆ ಗಂಡುಮಕ್ಕಳಿಗೇ ಮೊದಲ ಹಕ್ಕಿತ್ತು.

ಈಗ ನಮ್ಮೂರಿಗೆ ಬರೋಣ. ಭೂಮಿ ಹುಣ್ಣಿಮೆ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಆಗ ಗದ್ದೆಯಲ್ಲಿ ಭತ್ತ ಹೊಡೆಯಾಗಿರುತ್ತದೆ. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಎಂಬುದು ನಂಬಿಕೆ. ವಿಜಯದಶಮಿ ಮುಗಿದ ಮೇಲೆ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಾರೆ. ಹುಣ್ಣಿಮೆಯ ಹಿಂದಿನ ರಾತ್ರಿ ಒಲೆ ಆರುವುದಿಲ್ಲ. ಬಗೆಬಗೆಯ ಸೊಪ್ಪು, ಅಮಟೆಕಾಯಿ, ಹೀರೇಕಾಯಿ, ಸೌತೆಕಾಯಿ ಕಡುಬು, ಹೋಳಿಗೆ, ಬುತ್ತಿ. ಬೆಳಗಿನ ಜಾವ ಗಂಡಸರು ದೊಂದಿ ಹಿಡಿದು, "ಹಚ್ಚಂಬಲಿ ಹಾಲಂಬಲಿ" ಎಂದು ಕೂಗುತ್ತ ಗದ್ದೆಗೆ ಹಚ್ಚಂಬಲಿ, ಅಂದರೆ ಬೇಯಿಸಿದ ಸೊಪ್ಪು ತರಕಾರಿಗಳ ಮಿಶ್ರಣ, ಬೀರಲು ಹೋಗುತ್ತಾರೆ. ಆಮೇಲೆ ಮನೆಮಂದಿಯೆಲ್ಲ ಬುಟ್ಟಿ ಹೊತ್ತು ಹೋಗಿ ಪೂಜೆ ಮಾಡಿ ಅಲ್ಲೇ ಊಟ. ಇಂಥ ಚೆಂದದ ಹಬ್ಬ ಇನ್ನೊಂದಿಲ್ಲ ಎಂದು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ, ಯೊಂಗ್‌ಗ್ವಾಂಗ್‌ನಲ್ಲೂ ಹೇಳಿದ್ದೇನೆ.

ಆದರೆ ಬುಟ್ಟಿಗೆ ಬಣ್ಣ ಬಳಿದವರು ಯಾರು, ರಾತ್ರಿ ಕಣ್ಣಿಗೆ ಹೊಗೆ ತುಂಬಿಕೊಂಡವರು ಯಾರು, ದೊಂದಿ ಹಿಡಿದು ನಸುಕಿನ ಗದ್ದೆಗೆ ನಡೆದವರು ಯಾರು? ನನ್ನ ಅಮ್ಮ ಗದ್ದೆಯ ಅಂಚಿನಲ್ಲಿ ಊಟಕ್ಕೆ ಕೂತಾಗ ತೂಕಡಿಸುತ್ತಿದ್ದಳು. ತಾನೇ ಮಾಡಿದ ಕಡುಬು ಅವಳಿಗೆ ರುಚಿಸುತ್ತಿರಲಿಲ್ಲ. ಹೊಗೆಯಲ್ಲಿ ಕೂತವರಿಗೆ ಹಸಿವು ಸತ್ತುಹೋಗಿರುತ್ತದೆ. ಹೊಟ್ಟೆಯಲ್ಲಿ ಪೈರು ಹೊತ್ತ ತಾಯಿಗೆ ಬಯಕೆಯೂಟ ಇಡುವ ಹಬ್ಬದಲ್ಲಿ ಮನೆಯ ತಾಯಿ ಉಪವಾಸದಂತೆ ಇರುವುದು ಯಾವ ನ್ಯಾಯ?

ಹಿಂದೆ ಕೂಡುಕುಟುಂಬವಿತ್ತು. ನಾಲ್ಕಾರು ಹೆಂಗಸರು ಹಾಡು ಹೇಳುತ್ತ ಕೆಲಸ ಹಂಚಿಕೊಳ್ಳುತ್ತಿದ್ದರು. ಈಗ ಮನೆಗೆ ಒಬ್ಬಳೇ ಸೊಸೆ. ಅವಳು ಶಿವಮೊಗ್ಗದಲ್ಲೋ ಬೆಂಗಳೂರಲ್ಲೋ ಕೆಲಸಕ್ಕೆ ಹೋಗುತ್ತಾಳೆ. ಹಬ್ಬದ ಮುನ್ನಾ ದಿನ ಬಸ್ಸಿಳಿದು ಬರುತ್ತಾಳೆ. ಅಡುಗೆಯ ಪಟ್ಟಿ ಮಾತ್ರ ನಾಲ್ಕಾರು ಹೆಂಗಸರ ಕಾಲದ್ದೇ. ಆಗುವುದಿಲ್ಲ ಎಂದು ಅವಳು ಬಾಯಿಬಿಟ್ಟು ಹೇಳಲಾರಳು. ಸುಮ್ನೆ ಬರುವುದನ್ನೇ ಬಿಡುತ್ತಾಳೆ. ಪತ್ರ ಬರೆದ ಹಿರಿಯರು ಇದನ್ನು ನೋಡಬೇಕು. ಸೊಸೆ ಬೇಡವೆನ್ನುವುದು ಆ ರಾತ್ರಿಯ ದುಡಿತವನ್ನು. ಗದ್ದೆಯ ಪೂಜೆ ಬೇಡವೆಂದ ಒಬ್ಬ ಹೆಣ್ಣುಮಗಳನ್ನೂ ನಾನು ಕಂಡಿಲ್ಲ.

ಕೊರಿಯಾದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಒಂದು ವಿಷಯ. ಸಾಕು ಎಂಬ ಮಾತು ಅಲ್ಲಿ ಹಿರಿಯರ ಬಾಯಿಂದ ಬಂತು. ಸೊಸೆ ಹೇಳಿದ್ದರೆ ಸೋಮಾರಿತನ ಎನ್ನುತ್ತಿದ್ದರು. ವಿದ್ಯಾಪೀಠ ಹೇಳಿತು, ಹಾಗಾಗಿ ಅಜ್ಜಿಗೆ ಕಾವಲಿ ಎತ್ತಿಡಲು ಧೈರ್ಯ ಬಂತು. ನಮ್ಮಲ್ಲೂ ಹಾಗೆ ಹೇಳಬಲ್ಲವರು ಇದ್ದಾರೆ. ಊರಿನ ಹಿರಿಯರು, ಮಠಗಳ ಸ್ವಾಮಿಗಳು, ಸಮಾಜದ ಸಂಘಗಳು. ಹಚ್ಚಂಬಲಿ, ಒಂದು ಕಡುಬು, ಒಂದು ಸಿಹಿ, ಬುತ್ತಿ, ಇಷ್ಟಿದ್ದರೆ ಭೂಮಿತಾಯಿ ತೃಪ್ತಳು ಎಂದು ಅವರು ಬಹಿರಂಗವಾಗಿ ಹೇಳಲಿ. ರಾತ್ರಿ ಗಂಡಸರೂ ಸೊಪ್ಪು ಬಿಡಿಸಲಿ, ಒಲೆ ಮುಂದೆ ಕೂರಲಿ. ಹೆಣ್ಣುಮಕ್ಕಳೂ ದೊಂದಿ ಹಿಡಿದು ಹಚ್ಚಂಬಲಿ ಬೀರಲು ಹೋಗಲಿ. ನನಗೆ ಚಿಕ್ಕಂದಿನಿಂದ ಆ ಆಸೆ ಇದೆ. ಬುಟ್ಟಿಯ ಚಿತ್ತಾರವನ್ನು ಮಾತ್ರ ದಯವಿಟ್ಟು ಕಡಿಮೆ ಮಾಡಬೇಡಿ. ಅದನ್ನು ಹುಡುಗರಿಗೂ ಕಲಿಸಿ.

2026ರಲ್ಲಿ ನಮಗೆ ಅಧಿಕ ಜ್ಯೇಷ್ಠ ಇದೆ. ಭೂಮಿ ಹುಣ್ಣಿಮೆ ಅಕ್ಟೋಬರ್ ಕೊನೆಗೆ ಬರುತ್ತದೆ. ಚುಸೊಕ್ ಸೆಪ್ಟೆಂಬರ್ 25ಕ್ಕೇ ಮುಗಿದಿರುತ್ತದೆ. ಹಾಗಾಗಿ ನಾನು ಎರಡಕ್ಕೂ ಹಾಜರಿರಬಹುದು. ರಜೆಗೆ ಈಗಲೇ ಅರ್ಜಿ ಕೊಟ್ಟಿದ್ದೇನೆ. ಗೆಳತಿಯೂ ಬರುತ್ತೇನೆ ಎಂದಿದ್ದಾಳೆ. ಅವಳು ಅತಿಥಿ ಅಂತ ಚೆನ್ನಾಗಿ ಕಾಣುವ ಕಡೆ ನಿಲ್ಲಿಸಿ, ನನ್ನ ಅತ್ತಿಗೆಯನ್ನು ಒಲೆ ಮುಂದೆ ಕೂರಿಸುವುದು ಬೇಡ ಎಂದು ಅಣ್ಣನಿಗೆ ಫೋನ್ ಮಾಡಿ ಹೇಳಿದ್ದೇನೆ. ಅಣ್ಣ ಒಪ್ಪಿದ್ದಾನೆ. ಅಡುಗೆಯ ಪಟ್ಟಿಯನ್ನು ಅತ್ತಿಗೆಯೇ ಬರೆಯಲಿದ್ದಾಳೆ.

ಸಂಪಾದಕರೇ, ಈ ವಿಷಯದ ಬಗ್ಗೆ ಸೊರಬ, ಸಾಗರ, ಹೊಸನಗರ, ಸಿದ್ದಾಪುರ ಕಡೆಯ ಹೆಣ್ಣುಮಕ್ಕಳಿಂದಲೇ ಪತ್ರ ಕೇಳಿ ಪ್ರಕಟಿಸಿ ಎಂದು ವಿನಂತಿ. ತಮ್ಮ ಮನೆಯಲ್ಲಿ ಏನನ್ನು ಬಿಟ್ಟರು, ಏನನ್ನು ಉಳಿಸಿಕೊಂಡರು, ಗಂಡಸರು ಯಾವ ಕೆಲಸಕ್ಕೆ ಕೈ ಹಾಕಿದರು ಎಂದು ಅವರು ಬರೆಯಲಿ. ಮುಂದಿನ ಹುಣ್ಣಿಮೆಗೆ ಮುಂಚೆ ಅವು ಅಚ್ಚಾದರೆ ಹಲವು ಮನೆಗಳಲ್ಲಿ ಮಾತು ಶುರುವಾಗುತ್ತದೆ.

ಇತಿ ನಿಮ್ಮ ಓದುಗಳು,
ಸೊರಬ ತಾಲ್ಲೂಕಿನ ಹೆಣ್ಣುಮಗಳು
ಸುವೊನ್, ದಕ್ಷಿಣ ಕೊರಿಯಾ